ಬಾವಿಕಟ್ಟೆಯ ಅಕ್ಕ

ನಮ್ಮ ಮನೆಯ ಕಂಪ್ಯೂಟರಿನಲ್ಲಿ ಆಟ ಓಡುವುದಿಲ್ಲ ಎಂದು ನನ್ನ ಗಂಡ ಎಷ್ಟು ಹೆಮ್ಮೆಯಿಂದ ಹೇಳುತ್ತಿದ್ದರೆಂದರೆ, ನಮ್ಮ ವಂಶದಲ್ಲಿ ಯಾರೂ ಬೀಡಿ ಮುಟ್ಟಿದವರಲ್ಲ ಎನ್ನುವವರ ಧಾಟಿ ಅದು. ಆಗ ನಾವು ನೈರೋಬಿಗೆ ಬಂದ ಹೊಸತು. ವೆಸ್ಟ್‌ಲ್ಯಾಂಡ್ಸ್‌ನಲ್ಲಿದ್ದ ಒಂದು ಬ್ಯಾಂಕಿನ ಕಂಪ್ಯೂಟರ್ ಕೆಲಸಕ್ಕೆ ಬೆಂಗಳೂರಿನ ಕಂಪನಿ ಅವರನ್ನು ಎರಡು ವರ್ಷಕ್ಕೆಂದು ಕಳಿಸಿತ್ತು. ನಾನು ಬೆಂಗಳೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದವಳು. ಸಂಬಳವಿಲ್ಲದ ರಜೆ ಹಾಕಿ ಅವರ ಜೊತೆ ಹೊರಟಿದ್ದೆ. ಎರಡು ವರ್ಷ ಮುಗಿದ ಮೇಲೆ ಜೂನ್‌ನಲ್ಲಿ ಕಾಲೇಜು ತೆರೆಯುವ ಹೊತ್ತಿಗೆ ವಾಪಸ್ಸು ಹಾಜರಾದರೆ ನನ್ನ ಜಾಗ ನನಗೆ, ಇಲ್ಲದಿದ್ದರೆ ಇಲ್ಲ. ಪ್ರಿನ್ಸಿಪಾಲರು ಇದನ್ನು ಬೀಳ್ಕೊಡುಗೆಯ ದಿನವೇ ನಗುತ್ತ ಹೇಳಿದ್ದರು.

ಸೌತ್ ಬಿ ಎಂಬ ಬಡಾವಣೆಯಲ್ಲಿ ಎರಡನೇ ಮಹಡಿಯ ಮನೆ. ಬೆಳಗ್ಗೆ ಅವರು ಹೊರಟರೆ ಆಮೇಲೆ ನಾನು, ಗೋಡೆ, ಕಿಟಕಿಯ ಕಬ್ಬಿಣದ ಸರಳು. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಇಪ್ಪತ್ತು ಜನರ ಪ್ರಯೋಗಾಲಯದಲ್ಲಿ ಗಂಟಲು ಹರಿಯುವಂತೆ ಕೂಗಿ ಅಭ್ಯಾಸವಾದವಳಿಗೆ ಕುಕ್ಕರಿನ ಸೀಟಿ ಬಿಟ್ಟರೆ ಉತ್ತರ ಕೊಡುವವರಿಲ್ಲ. ತಲೆ ಚಿಟ್ಟು ಹಿಡಿದುಹೋಯಿತು.

ಒಂದು ದಿನ ಸಾಸಿವೆ, ಹುಣಸೆಹಣ್ಣು ತರಲೆಂದು ಮಟಾಟು ಎನ್ನುವ ಬಾಡಿಗೆ ವ್ಯಾನು ಹತ್ತಿ ನಮ್ಮ ದೇಶದವರ ಅಂಗಡಿಗಳಿದ್ದ ನ್ಗಾರಾಗೆ ಹೋದವಳು, ಪಕ್ಕದ ಅಂಗಡಿಯಲ್ಲಿ ತೂಗುಹಾಕಿದ್ದ ಆಟದ ಸೀಡಿಯೊಂದನ್ನು ಕೊಂಡುತಂದೆ. ಮೇಲೆ ಕೋಟೆ, ಕುದುರೆ, ಕತ್ತಿ ಹಿಡಿದ ಹೆಂಗಸು. ನಮ್ಮ ಕಂಪ್ಯೂಟರ್ ಅದನ್ನು ನುಂಗಿ, ಸ್ವಲ್ಪ ಹೊತ್ತು ಗೊರಗೊರ ಎಂದು, ಸುಮ್ಮನಾಯಿತು. ಸಂಜೆ ಗಂಡ ಅದನ್ನು ಹೊರಗೆ ತೆಗೆದು ಎರಡು ಬೆರಳಿನಲ್ಲಿ ಹಿಡಿದುಕೊಂಡರು.

"ಇದು ಲಿನಕ್ಸ್ ಕಣೇ. ಕದ್ದ ಸಾಫ್ಟ್‌ವೇರ್ ನಮ್ಮನೇಲಿ ಬೇಡ. ಇದರಲ್ಲಿ ಮುಚ್ಚುಮರೆ ಅನ್ನೋದೇ ಇಲ್ಲ. ಒಳಗಡೆ ಏನು ನಡೀತಿದೆ ಅಂತ ಯಾರು ಬೇಕಾದ್ರೂ ಬಿಚ್ಚಿ ನೋಡ್ಬಹುದು."

"ಆಟ?"

"ಆಟ ಗೀಟ ಎಲ್ಲ ಇದರಲ್ಲಿ ಓಡಲ್ಲ. ಇಸ್ಪೀಟಿದೆ ನೋಡು, ಆಡ್ಕೋ."

ಇಸ್ಪೀಟಂತೆ! ಓಡಲ್ಲ ಎಂದರೆ ನನಗೆ ಮೊದಲಿನಿಂದಲೂ ಮೈಮೇಲೆ ಬಂದ ಹಾಗಾಗುತ್ತದೆ. ಓಡಿಸಿ ತೋರಿಸುತ್ತೇನೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಮಾರನೇ ದಿನದಿಂದ ಹುಡುಕಾಟ ಶುರು. ಸಮುದ್ರದಡಿಯ ಕೇಬಲ್ ಇನ್ನೂ ಆ ಊರಿಗೆ ಬಂದಿರಲಿಲ್ಲ. ಮನೆಯ ಫೋನ್ ತಂತಿಯಲ್ಲೇ ಇಂಟರ್‌ನೆಟ್ಟು. ಒಂದು ಪುಟ ತೆರೆದುಕೊಳ್ಳುವಷ್ಟರಲ್ಲಿ ಒಂದು ಕಟ್ಟು ಸೊಪ್ಪು ಬಿಡಿಸಿ ಮುಗಿಯುತ್ತಿತ್ತು. ಹತ್ತಾರು ಜನ ಬೇರೆ ಬೇರೆ ದೇಶದಲ್ಲಿ ಕೂತು, ಒಂದೊಂದು ವೇಷ ತೊಟ್ಟು, ಒಂದೇ ಊರಿನಲ್ಲಿ ಬದುಕುವಂಥ ಆಟಗಳಿವೆ ಎಂದು ಓದಿದ್ದೆ. ನನಗೆ ಬೇಕಾಗಿದ್ದು ಅದೇ, ಜನ. ಆದರೆ ಒಂದೊಂದರ ಕೊನೆಗೂ ಅದೇ ಹಾಡು, ನಿಮ್ಮ ಕಂಪ್ಯೂಟರಿಗೆ ಇದು ಆಗಿಬರುವುದಿಲ್ಲ. ಕೊನೆಗೆ ಯಾವನೋ ಪುಣ್ಯಾತ್ಮ, ಲಿನಕ್ಸ್‌ನಲ್ಲಿ ಓಡುವ ಇಂಥ ಆಟಗಳನ್ನೆಲ್ಲ ಒಂದು ಪುಟದಲ್ಲಿ ಕೂಡಿಹಾಕಿ, ಪಕ್ಕದಲ್ಲಿ ಲಿನಕ್ಸ್‌ನ ಗುರುತಾದ ಪುಟ್ಟ ಪೆಂಗ್ವಿನ್ ಚಿತ್ರ ಅಂಟಿಸಿದ್ದು ಸಿಕ್ಕಿತು. ಅದರಲ್ಲಿ ಅರ್ಧ ಸತ್ತುಹೋದ ವಿಳಾಸಗಳು. ಉಳಿದವುಗಳಲ್ಲಿ ಒಂದು ನಮ್ಮ ಬಡಕಲು ತಂತಿಯಲ್ಲಿ ಇಳಿಸಿಕೊಳ್ಳುವಷ್ಟು ಚಿಕ್ಕದಾಗಿತ್ತು.

ಇಳಿಸಿಕೊಂಡರೆ ಆಯಿತೇ? ಅದು ಓಡಲು ಇನ್ನೊಂದು ತುಣುಕು ಬೇಕು. ಆ ತುಣುಕಿಗೆ ಮತ್ತೊಂದು. ಹುಳಿ ಮಾಡಲು ನಿಂತಾಗ ಬೇಳೆ ಇಲ್ಲ, ಬೇಳೆ ತಂದರೆ ಗ್ಯಾಸ್ ಇಲ್ಲ ಎನ್ನುವ ಹಾಗೆ. ಕಪ್ಪು ಪರದೆಯ ಮೇಲೆ ಅರ್ಥವಾಗದ ಆಜ್ಞೆಗಳನ್ನು ಅಕ್ಷರಕ್ಕಕ್ಷರ ಬಡಿದೆ. ನಡುವೆ ಬೆಂಗಳೂರಿನಿಂದ ಅತ್ತೆಯ ದೂರು, "ಯಾವಾಗ ಫೋನ್ ಮಾಡಿದ್ರೂ ಎಂಗೇಜ್ ಬರುತ್ತಲ್ಲೇ, ಅಷ್ಟೊತ್ತು ಯಾರ ಹತ್ರ ಮಾತಾಡ್ತೀಯಾ?" ಗಂಡನನ್ನು ಮಾತ್ರ ಕೇಳಲಿಲ್ಲ. ಕೇಳಿದ್ದರೆ ಅವರು ಊಟ ಮುಗಿಸುವಷ್ಟು ಹೊತ್ತಿನಲ್ಲಿ ಮಾಡಿಕೊಡುತ್ತಿದ್ದರು, ಅದು ಗೊತ್ತಿದ್ದೇ ಕೇಳಲಿಲ್ಲ. ಒಂದು ಮಧ್ಯಾಹ್ನ ಪರದೆಯ ಮೇಲೆ ಹಸಿರು ಹುಲ್ಲು, ಹಂಚಿನ ಮನೆಗಳು, ಊರ ನಡುವೆ ಒಂದು ಬಾವಿ ಮೂಡಿದಾಗ ಅಡುಗೆಮನೆಯಲ್ಲಿ ಒಬ್ಬಳೇ ಕುಣಿದೆ. ನೈರೋಬಿಯಲ್ಲಿ ನಾನೇ ಸಂಪಾದಿಸಿಕೊಂಡ ಮೊದಲ ವಸ್ತು ಅದು.

ಸಂಜೆ ತೋರಿಸಿದೆ. ಗಂಡ ಕನ್ನಡಕ ಏರಿಸಿಕೊಂಡು ನೋಡಿದರು. "ಪರವಾಗಿಲ್ವೇ! ನೀನೇ ಹಾಕ್ಕೊಂಡ್ಯಾ?" ಎಂದರು. ನಿಜವಾಗಿ ಮೆಚ್ಚಿದ್ದರು ಎಂದೇ ಈಗಲೂ ಅನಿಸುತ್ತದೆ. ಆಮೇಲೆ ಅವರು ಆಟದ ವಿಚಾರ ಎತ್ತಲೇ ಇಲ್ಲ. ಹೆಂಡತಿಯ ವಿಷಯಕ್ಕೆ ಮೂಗು ತೂರಿಸದ ದೊಡ್ಡ ಮನುಷ್ಯ ಎಂದು ನಾನು ಒಳಗೇ ಬೀಗಿದ್ದೆ.

ಆಟದ ಆ ಊರಿಗೆ ಹೋದವರೆಲ್ಲ ಒಂದು ಕಸುಬು ಆರಿಸಿಕೊಳ್ಳಬೇಕಿತ್ತು. ನಾನು ಗಿಡಮೂಲಿಕೆ ಆಯುವವಳಾದೆ. ಇನ್ನೇನಾಗಲಿ? ಹೆಸರಿಗೆ ಕನ್ನಡದ ಒಂದು ಗಿಡದ ಹೆಸರನ್ನೇ ಇಟ್ಟುಕೊಂಡೆ. ಆ ಆಟ ಬರೆದವರಿಗೆ ಎಲೆಯ ತಲೆಬುಡ ಗೊತ್ತಿರಲಿಲ್ಲ, ಪುದೀನಕ್ಕೆ ದಾಸವಾಳದ ಹೂ ಬಿಡಿಸಿದ್ದರು. ಆದರೂ ನಾನು ಬೇಲಿಯ ಪಕ್ಕ ಸೊಪ್ಪು ಕಿತ್ತು, ಅರೆದು, ಇಲಿ ಹೊಡೆಯಲು ಹೋಗಿ ಏಟು ತಿಂದು ಬಂದ ಹುಡುಗರಿಗೆ ಹಚ್ಚುತ್ತಿದ್ದೆ. ಎಲ್ಲೆಲ್ಲಿಯವರೋ ಜನ ಬಾವಿಕಟ್ಟೆಯಲ್ಲಿ ನಿಂತು ಆ ಊರಿನವರ ಹಾಗೇ ಮಾತಾಡಬೇಕು. ಮಳೆ ಬರಬಹುದೇ, ದನ ಕಟ್ಟಿದೆಯೇ, ಹೀಗೆ. ಮಾತಿಗೆ ಒಂದಷ್ಟು ಜನ ಸಿಕ್ಕಿದ್ದೇ ನನಗೆ ಹೊಟ್ಟೆ ತುಂಬಿದ ಹಾಗಿತ್ತು.

ಆ ಬಾವಿಕಟ್ಟೆಯಲ್ಲೇ ಒಂದು ದಿನ ಹಸಿರು ಮುಸುಕಿನ ಹೆಂಗಸೊಬ್ಬಳು ನನ್ನ ಪಕ್ಕ ಬಂದು ನಿಂತಳು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದಳು, "ನಿಮ್ಮ ಹೆಸರು ನೋಡಿದ್ರೆ ಕನ್ನಡದವರ ಹಾಗಿದೆ?"

ಅಯ್ಯೋ, ನನಗಾದ ಸಂತೋಷ! ಮೈಸೂರಿನವಳಂತೆ, ಮಸ್ಕತ್ತಿನಲ್ಲಿ ಗಂಡ, ಎರಡು ಮಕ್ಕಳು. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ದೊಡ್ಡವಳು. ಎರಡನೇ ದಿನಕ್ಕೇ ಅವಳು ನನಗೆ ಅಕ್ಕ, ನಾನು ಅವಳಿಗೆ "ಕಣೇ." ಬೆಳಗ್ಗೆ ಹನ್ನೊಂದಕ್ಕೊಮ್ಮೆ, ಊಟ ಆದಮೇಲೊಮ್ಮೆ ಬರುತ್ತಿದ್ದಳು. ಶನಿವಾರ ಭಾನುವಾರ ಇಲ್ಲ. "ಯಜಮಾನ್ರು ಮನೇಲಿರ್ತಾರೆ ಕಣೇ, ಕಂಪ್ಯೂಟರ್ ಅವರಿಗೆ ಬೇಕು" ಎನ್ನುತ್ತಿದ್ದಳು. ಮಸ್ಕತ್ತಿನಲ್ಲಿ ವಾರದ ರಜೆ ಶುಕ್ರವಾರ ಎಂಬುದು ನನ್ನ ತಲೆಗೆ ಆಗ ಹೊಳೆಯಲೇ ಇಲ್ಲ.

ಅಕ್ಕನ ಹತ್ತಿರ ನಾನು ಹೇಳದೆ ಉಳಿಸಿದ್ದು ಏನೂ ಇಲ್ಲ. ಗಂಡ ಟೀವಿ ನೋಡುತ್ತ ಹೂಂ ಹೂಂ ಎನ್ನುವುದು, ಸತ್ತರೂ ಹೊರಗೆ ಕರೆದುಕೊಂಡು ಹೋಗದಿರುವುದು. ಹಾಗೆ ದೂರಿದ ವಾರದ ಶನಿವಾರವೇ ಅವರು "ನಡಿ, ವೆಸ್ಟ್‌ಲ್ಯಾಂಡ್ಸ್‌ಗೆ ಹೋಗಿ ಊಟ ಮಾಡ್ಕೊಂಡು ಬರೋಣ" ಎಂದಾಗ ಸೂರ್ಯ ಯಾವ ಕಡೆ ಹುಟ್ಟಿದ ಎಂದು ಬೆರಗಾದೆ. ಸೋಮವಾರ ಅಕ್ಕನಿಗೆ ಹೇಳಿದೆ. "ನೋಡಿದ್ಯಾ, ನಿನ್ನ ಯಜಮಾನ್ರು ಒಳ್ಳೆಯವರೇ" ಎಂದಳು. ನನಗೂ ಹಾಗೇ ಅನಿಸಿತು.

ಎರಡನೇ ವರ್ಷ ಮುಗಿಯುತ್ತ ಬಂತು. ಕಂಪನಿಯವರು ಇನ್ನೆರಡು ವರ್ಷ ಇರುತ್ತೀರಾ ಎಂದು ಗಂಡನನ್ನು ಕೇಳಿದರು. ಅವರಿಗೆ ಇರುವ ಆಸೆ, ಮುಖ ನೋಡಿದರೇ ಗೊತ್ತಾಗುತ್ತಿತ್ತು. ನನಗೆ ಕಾಲೇಜು ಬೇಕು. ಜೂನ್ ಹತ್ತಿರ ಬರುತ್ತಿತ್ತು.

"ನಾನೊಬ್ಬಳೇ ಹೋಗಿ ಸೇರ್ಕೊಳ್ತೀನಿ. ನೀವು ಮುಗಿಸ್ಕೊಂಡು ಬನ್ನಿ," ಎಂದೆ.

ಗಂಡ ತಟ್ಟೆಯಿಂದ ತಲೆಯೆತ್ತಿದರು. "ನಿನ್ನಿಷ್ಟ. ಇದರಲ್ಲಿ ನಾನು ಒಂದು ಮಾತೂ ಹೇಳಲ್ಲ. ಕೆಲಸ ನಿಂದು."

ಎಂಥ ಗಂಡ! ನನ್ನ ಗೆಳತಿಯರ ಗಂಡಂದಿರಾಗಿದ್ದರೆ ಕೂಗಾಟ ರಂಪಾಟ ಆಗಿರುತ್ತಿತ್ತು. ನಾನು ಟಿಕೆಟ್ಟಿನ ಬಗ್ಗೆ ವಿಚಾರಿಸಲು ಶುರು ಮಾಡಿದೆ. ಅಕ್ಕನಿಗೂ ಹೇಳಿದೆ. ಹಸಿರು ಮುಸುಕು ಬಾವಿಕಟ್ಟೆಯಲ್ಲಿ ಬಹಳ ಹೊತ್ತು ಅಲ್ಲಾಡದೆ ನಿಂತಿತ್ತು. ಆಮೇಲೆ ಸಾಲು ಸಾಲು ಮಾತು.

ತಾನೂ ಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದಳಂತೆ, ಬಿಟ್ಟು ಬಂದಳಂತೆ, ಒಂದು ದಿನವೂ ಬೇಜಾರಾಗಲಿಲ್ಲವಂತೆ. ಒಮ್ಮೆ ಹೆರಿಗೆಗೆಂದು ಊರಿಗೆ ಹೋಗಿದ್ದಾಗ ಗಂಡ ಊಟ ಸೇರದೆ ಅರ್ಧ ಆಗಿದ್ದರಂತೆ. "ಗಂಡಸರು ಬಾಯಿಬಿಟ್ಟು ಹೇಳಲ್ಲ ಕಣೇ, ಒಳಗೊಳಗೇ ಸೊರಗ್ತಾರೆ. ನಿನ್ನಿಷ್ಟ ಅಂತಾರೆ, ಆದ್ರೆ ಮನಸ್ಸಲ್ಲಿ ಹೋಗ್ಬೇಡ ಅಂತಿರುತ್ತೆ. ಕೆಲಸ ಎಲ್ಲಿ ಹೋಗುತ್ತೆ? ಬೆಂಗಳೂರಲ್ಲಿ ಕಾಲೇಜಿಗೇನು ಬರಗಾಲನಾ? ಇದನ್ನ ಬಿಟ್ಟುಬಿಡು, ಇನ್ನೊಂದು ಸಿಗುತ್ತೆ."

ಒಂದು ದಿನ ಅಲ್ಲ, ವಾರಗಟ್ಟಲೆ. ಅವಸರವಿಲ್ಲದೆ, ಪ್ರೀತಿಯಿಂದ, ನಾನು ಅತ್ತರೆ ಸಮಾಧಾನ ಮಾಡುತ್ತ. ನನ್ನಮ್ಮ ಹೇಳಿದ್ದರೆ ಜಗಳ ಆಡುತ್ತಿದ್ದೆ. ಅತ್ತೆ ಹೇಳಿದ್ದರೆ ಮಾರನೇ ದಿನವೇ ವಿಮಾನ ಹತ್ತುತ್ತಿದ್ದೆ. ಆದರೆ ಅಕ್ಕನಿಗೆ ಇದರಲ್ಲಿ ಏನು ಲಾಭ? ಏನೂ ಇಲ್ಲ. ಅದಕ್ಕೇ ನಂಬಿದೆ. ಸಂಜೆ ಟೀವಿಯ ಮುಂದೆ ಕೂತ ಗಂಡನ ಬೆನ್ನು ನೋಡಿ, ಪಾಪ, ಒಳಗೊಳಗೇ ಸೊರಗುತ್ತಿದ್ದಾರೇನೋ ಎಂದು ಕರುಳು ಚುರ್ ಎಂದಿತು. ಮೇ ತಿಂಗಳಲ್ಲಿ ರಾಜೀನಾಮೆ ಕಳಿಸಿದೆ. ಹದಿಮೂರು ವರ್ಷದ ಕೆಲಸ. ಗಂಡನಿಗೆ ಹೇಳಿದಾಗ "ಯೋಚನೆ ಮಾಡೇ ಮಾಡಿದ್ಯಾ?" ಎಂದು ಕೇಳಿದರು. ಹೌದು ಎಂದೆ. ಅವತ್ತು ಅವರೇ ಪಾತ್ರೆ ತೊಳೆದರು.

ಆಮೇಲೆ ಗೌರಿ ಹಬ್ಬ ಬಂತು.

ಹಬ್ಬದ ಬಾಗಿನದ ಬಗ್ಗೆ ಒಂದು ಮಾತು ಹೇಳಬೇಕು. ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ಕರಿಮಣಿ, ಬಾಚಣಿಗೆ, ಕನ್ನಡಿ, ರವಿಕೆ ಬಟ್ಟೆ, ಬೇಳೆ, ಬೆಲ್ಲ, ತೆಂಗಿನಕಾಯಿ ಇಟ್ಟು ಇನ್ನೊಂದು ಮೊರ ಮುಚ್ಚಿ ಮುತ್ತೈದೆಯರಿಗೆ ಕೊಡುವುದು ಎಲ್ಲರ ಮನೆಯ ಪದ್ಧತಿ. ನನ್ನ ಅತ್ತೆಯ ಮನೆಯಲ್ಲಿ ಮಾತ್ರ ಇದರ ಜೊತೆ ಒಂದು ಪೊಟ್ಟಣ ಕಾಫಿ ಪುಡಿ ಹಾಕುತ್ತಾರೆ. ಅತ್ತೆಯ ಅತ್ತೆಗೆ ಕಾಫಿಯ ಹುಚ್ಚಿತ್ತಂತೆ, ಅವರು ಹೋದ ಮೇಲೆ ಅವರ ನೆನಪಿಗೆಂದು ಶುರುವಾಗಿದ್ದು. ನೈರೋಬಿಯ ಮೊದಲ ಹಬ್ಬದಲ್ಲಿ ನಾನು ಅತ್ತೆಯ ಅಪ್ಪಣೆಯಂತೆ ಕಾಫಿ ಪುಡಿ ಇಟ್ಟು ಕೊಟ್ಟಾಗ ಸೌತ್ ಬಿ ಯ ಕನ್ನಡದ ಹೆಂಗಸರು ಬಿದ್ದು ಬಿದ್ದು ನಕ್ಕಿದ್ದರು. "ಇದೇನ್ರೀ, ಗೌರಮ್ಮನಿಗೆ ಫಿಲ್ಟರೂ ಕೊಡ್ತೀರಾ?" ಎಂದು ಒಬ್ಬರು ಕೇಳಿದ್ದರು. ಗಂಡಸರು ಯಾರೂ ಅಲ್ಲಿರಲಿಲ್ಲ. ಆ ನಗು ಗಂಡನ ಕಿವಿಗೆ ಬಿದ್ದಿರಲಿಲ್ಲ, ನಾನೂ ಅತ್ತೆಯ ಮಾನ ಕಾಪಾಡಲು ಹೇಳಿರಲಿಲ್ಲ.

ಈ ಸಲದ ಹಬ್ಬದ ದಿನ ಬ್ಯಾಂಕಿಗೆ ರಜೆ ಇಲ್ಲ, ಗಂಡ ಎಂದಿನಂತೆ ಹೋದರು. ಪೂಜೆ ಮುಗಿಸಿ, ಒಬ್ಬಟ್ಟಿಗೆ ಹೂರಣ ರುಬ್ಬಿ, ಕೈ ತೊಳೆದು ಹನ್ನೊಂದಕ್ಕೆ ಕಂಪ್ಯೂಟರ್ ಮುಂದೆ ಕೂತೆ. ಅಕ್ಕ ಹಬ್ಬದ ಗಲಾಟೆಯಲ್ಲಿರುತ್ತಾಳೆ, ಶುಭಾಶಯ ಬರೆದಿಟ್ಟು ಬರೋಣ ಎಂದುಕೊಂಡರೆ, ಎಂದಿನ ಹೊತ್ತಿಗೆ ಹಸಿರು ಮುಸುಕು ಬಾವಿಕಟ್ಟೆಯಲ್ಲಿ ಹಾಜರು!

"ಏನಕ್ಕಾ, ಎರಡು ಮಕ್ಕಳ ತಾಯಿ, ಹಬ್ಬದ ಬೆಳಗ್ಗೆ ಇಷ್ಟು ಬೇಗ ಎಲ್ಲಾ ಮುಗಿಸ್ಕೊಂಡ್ರಾ?"

"ಮುಗೀತು ಕಣೇ, ಎಲ್ಲಾ ನಿನ್ನೇನೇ ಮಾಡಿಟ್ಟಿದ್ದೆ."

ಒಬ್ಬಟ್ಟನ್ನೂ ನಿನ್ನೆಯೇ? ಇರಲಿ ಎಂದುಕೊಂಡೆ. ಹೆಂಗಸರು ಆಡುವ ಮಾತಿಗೆ ಇಳಿದೆ. ನಿಮಗೂ ಒಂದು ಬಾಗಿನ ತೆಗೆದಿಟ್ಟಿದ್ದೀನಿ ಅಕ್ಕಾ, ಎಂದಾದರೂ ಸಿಕ್ಕಾಗ ಕೊಡ್ತೀನಿ. ಇಲ್ಲಿ ಮೊರ ಸಿಗಲ್ಲ, ಈ ಊರಿನವರು ಧಾನ್ಯ ಕೇರುವ ದುಂಡನೆಯ ಬುಟ್ಟಿಯಲ್ಲೇ ಇಟ್ಟಿದ್ದೀನಿ. ನಿಮ್ಮ ಕಡೆ ಬಾಗಿನಕ್ಕೆ ಏನೇನು ಹಾಕ್ತೀರಾ?

ಉತ್ತರ ಬಂತು. "ಎಲ್ಲರ ಮನೇಲಿ ಹಾಕೋದೇ ಕಣೇ. ಅರಿಶಿನ ಕುಂಕುಮ, ಬಳೆ, ಬೆಲ್ಲ, ಬೇಳೆ, ಕಾಫಿ ಪುಡಿ."

ಓದಿದೆ. ಮತ್ತೆ ಓದಿದೆ. ಹನ್ನೊಂದು ಗಂಟೆ, ಊಟದ ನಂತರ, ಶನಿವಾರ ಭಾನುವಾರ ಇಲ್ಲ, ಮಸ್ಕತ್ತಿನ ಶುಕ್ರವಾರ, ವೆಸ್ಟ್‌ಲ್ಯಾಂಡ್ಸ್‌ನ ಊಟ, ನಿನ್ನಿಷ್ಟ. ಎಲ್ಲ ಒಟ್ಟಿಗೆ ಬಂದು ಎದೆಗೆ ಬಡಿಯಿತು. ಅನುಮಾನಕ್ಕೆ ಜಾಗವೇ ಇರಲಿಲ್ಲ. ಅಡುಗೆಮನೆಗೆ ಹೋಗಿ ಹೂರಣದ ಪಾತ್ರೆಯನ್ನು ಎತ್ತಿ ಸಿಂಕಿಗೆ ಕುಕ್ಕಿದೆ. ಹಬ್ಬದ ದಿನ ಅಳಬಾರದು ಎನ್ನುತ್ತಾರೆ, ಆದರೆ ಗೋಳೋ ಎಂದು ಅತ್ತೆ. ನಾಚಿಕೆ ಬೇರೆ. ಆ ಬಾವಿಕಟ್ಟೆಯಲ್ಲಿ ಏನೇನು ಹೇಳಿಕೊಂಡಿದ್ದೆ ದೇವರೇ!

ಸಂಜೆ ಗಂಡ ಬಂದಾಗ ಊಟದ ಮೇಜಿನ ಮೇಲೆ ದುಂಡನೆಯ ಬುಟ್ಟಿ, ಮೇಲೆ ಇನ್ನೊಂದು ಮುಚ್ಚಿ, ಇಟ್ಟಿದ್ದೆ.

"ಏನಿದು?"

"ಬಾಗಿನ. ಮಸ್ಕತ್ತಿಗೆ ಹೋಗ್ಬೇಕಿತ್ತು. ನೀವೇ ತಗೊಂಡ್ಬಿಡಿ. ಕಾಫಿ ಪುಡಿ ಹಾಕಿದ್ದೀನಿ."

ಅವರ ಕೈ ಚೀಲದ ಮೇಲೇ ನಿಂತುಹೋಯಿತು.

"ನಿಮ್ಮಮ್ಮನ ಮನೆ ಬಿಟ್ಟು ಇಡೀ ಕರ್ನಾಟಕದಲ್ಲಿ ಯಾರೂ ಬಾಗಿನಕ್ಕೆ ಕಾಫಿ ಪುಡಿ ಹಾಕಲ್ಲ ರೀ."

ಗಂಡ ನನ್ನ ಮುಖವನ್ನೇ ನೋಡಿದರು. ಅವರ ಬಾಯಿಂದ ಬಂದ ಮೊದಲ ಮಾತು, "ಹಾಕಲ್ವಾ?"

ಆ ಸಂಕಟದಲ್ಲೂ ನನಗೆ ನಗು ಬಂತು, ಅದಕ್ಕೇ ಇನ್ನಷ್ಟು ಮೈ ಉರಿಯಿತು.

ಅವರು ಕುರ್ಚಿಯ ಮೇಲೆ ಕುಸಿದರು. "ಮೊದಲು ತಮಾಷೆಗೆ ಅಂತ ಬ್ಯಾಂಕಿನ ಕಂಪ್ಯೂಟರಲ್ಲಿ ಶುರು ಮಾಡ್ದೆ. ಫೋನ್ ಮಾಡಿದ್ರೆ ಎಂಗೇಜ್ ಬರೋದು, ಆಟದಲ್ಲಿರ್ತೀಯಾ ಅಂತ ಗೊತ್ತಾಗೋದು. ಒಬ್ಬಳೇ ಇರ್ತೀಯಲ್ಲ, ಒಂದ್ನಾಲ್ಕು ಮಾತಾಡೋಣ, ಸಂಜೆ ಹೇಳಿ ನಗಿಸೋಣ ಅಂತ. ಅಷ್ಟರಲ್ಲಿ ನೀನು ಏನೇನೋ ಹೇಳೋಕೆ ಶುರು ಮಾಡ್ದೆ. ಹೇಗೆ ನಿಲ್ಲಿಸೋದು?"

"ಕೆಲಸ ಬಿಡು ಅಂದಿದ್ದೂ ತಮಾಷೇನಾ?"

"ನಾನು ಬಿಡು ಅನ್ನಲಿಲ್ಲ. ನಿನ್ನಿಷ್ಟ ಅಂದಿದ್ದೆ."

"ನೀವು ನಿನ್ನಿಷ್ಟ ಅಂದ್ರಿ. ಅಕ್ಕ ಬಿಡು ಅಂದ್ಲು. ಮುಚ್ಚುಮರೆ ಇಲ್ಲದ ಮನೆ ಅಲ್ವಾ ನಮ್ದು? ಯಾರು ಬೇಕಾದ್ರೂ ಬಿಚ್ಚಿ ನೋಡ್ಬಹುದು ಅಲ್ವಾ? ನೋಡಿದ್ರಲ್ಲ, ಚೆನ್ನಾಗಿತ್ತಾ?"

ಅವರು ಬಾಗಿನವನ್ನು ಮುಟ್ಟಲಿಲ್ಲ. ಅದು ಮೇಜಿನ ಮೇಲೇ ಉಳಿಯಿತು, ನಾವು ಅದರ ಪಕ್ಕದಲ್ಲೇ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದೆವು.

ಕಾಲೇಜಿಗೆ ಫೋನ್ ಮಾಡಿದೆ. "ಅಯ್ಯೋ, ನಿಮ್ಮ ಜಾಗಕ್ಕೆ ಜೂನ್‌ನಲ್ಲೇ ಬೇರೆಯವರನ್ನ ತಗೊಂಡಾಯ್ತಲ್ಲಮ್ಮಾ," ಎಂದರು ಪ್ರಿನ್ಸಿಪಾಲರು. ಪಾಪ, ನಿಜವಾಗಿ ನೊಂದುಕೊಂಡರು. ಫೋನಿಟ್ಟ ಮೇಲೆ ನಾನು ಅತ್ತಿದ್ದು ಬರೀ ಕೆಲಸಕ್ಕಾಗಿ ಎಂದರೆ ಸುಳ್ಳಾಗುತ್ತದೆ. ಅಕ್ಕ ಹೋದಳಲ್ಲ ಎಂದೂ ಅತ್ತೆ. ಇಲ್ಲದ ಹೆಂಗಸಿಗಾಗಿ! ನಾನು ಏನು ಹೇಳಿದರೂ ಕೇಳಿಸಿಕೊಳ್ಳುತ್ತಿದ್ದಳು, ಮರೆಯದೆ ಮರುದಿನ ವಿಚಾರಿಸುತ್ತಿದ್ದಳು. ಮದುವೆಯಾದಷ್ಟೂ ವರ್ಷ ಅದೇ ಮನುಷ್ಯ ಅದೇ ಮನೆಯಲ್ಲಿ ನನ್ನ ಮಾತಿಗೆ ಹೂಂ ಎಂದಿದ್ದರು. ಇಷ್ಟು ಮಾತು ಅವರ ಹತ್ತಿರ ಇತ್ತು, ನನಗೆ ಕೊಟ್ಟಿರಲಿಲ್ಲ. ಈ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಹೀಗೇ ಕೆಲವು ದಿನ ಕಳೆದವು. ಒಂದು ಬೆಳಗ್ಗೆ, ಆ ಊರನ್ನು ಕಂಪ್ಯೂಟರಿನಿಂದ ಅಳಿಸಿಹಾಕಬೇಕೆಂದೇ ಕೂತೆ. ಅಳಿಸುವ ಮೊದಲು ಒಂದು ಸಲ ನೋಡೋಣ ಎನಿಸಿತು. ನಾನೇ ತಿಣುಕಿ ತಿಣುಕಿ ಕಟ್ಟಿಕೊಂಡ ಜಾಗ ಅಲ್ಲವೇ? ಒಳಗೆ ಹೋದೆ. ಬಾವಿಕಟ್ಟೆಯಲ್ಲಿ ಹಸಿರು ಮುಸುಕು ನಿಂತಿತ್ತು.

ಸಾಲು ಮೂಡಿತು. "ತಪ್ಪಾಯ್ತು ಕಣೇ. ನೀನು ಹೋಗ್ತೀನಿ ಅಂದಾಗ ಭಯ ಆಯ್ತು. ಹೇಳೋಕೆ ಬರಲಿಲ್ಲ. ನಿನ್ನ ಕೆಲಸ ಹೋಗಿದ್ದಕ್ಕೆ ನನಗೆ ನಿದ್ದೆ ಬರ್ತಿಲ್ಲ. ಕ್ಷಮಿಸು."

ನೋಡಿದೆಯಾ! ಕ್ಷಮೆ ಕೇಳಲೂ ಅವಳೇ ಬೇಕು. ಎರಡು ಕೈಯಲ್ಲೂ ಕೀಲಿಗಳನ್ನು ಕುಟ್ಟಿದೆ. "ಇದನ್ನ ನಿಮ್ಮ ಬಾಯಲ್ಲಿ ಹೇಳಿ. ಸಂಜೆ ಮನೆಗೆ ಬರ್ತೀರಲ್ಲ, ನನ್ನ ಮುಖ ನೋಡಿ ಹೇಳಿ. ಇಷ್ಟೇ ಹೇಳಿದ್ರೆ ಸಾಕು." ಬರೆದು ಹೊರಗೆ ಬಂದೆ. ಅಳಿಸಲಿಲ್ಲ.

ಆ ಸಂಜೆ ಹುಳಿ, ಅನ್ನ, ಹಪ್ಪಳ ಮಾಡಿದೆ. ಸೀರೆ ಬದಲಾಯಿಸಿದೆ, ಯಾಕೆಂದು ನನಗೇ ಗೊತ್ತಿಲ್ಲ. ಹೇಳಿಬಿಟ್ಟರೆ ಏನು ಉತ್ತರ ಕೊಡಬೇಕೆಂದೂ ಯೋಚಿಸಿಟ್ಟುಕೊಂಡಿದ್ದೆ. ಪೂರ್ತಿ ಕ್ಷಮಿಸುತ್ತಿದ್ದೆ ಎನ್ನಲಾರೆ, ಆದರೆ ಬಾಗಿನದ ಬುಟ್ಟಿಯನ್ನು ಮೇಜಿನಿಂದ ಎತ್ತಿಡುತ್ತಿದ್ದೆ. ಗಂಡ ಬಂದರು, ಕೈಕಾಲು ತೊಳೆದರು, ಕೂತರು. ಟೀವಿ ಹಾಕಲಿಲ್ಲ. ನಾನು ಬಡಿಸಿ ಎದುರಿಗೆ ಕೂತೆ. ಅವರು ಒಮ್ಮೆ ತಲೆಯೆತ್ತಿ ಬಾಯಿ ತೆರೆದರು. ಮತ್ತೆ ತಟ್ಟೆಯ ಕಡೆ ನೋಡಿ ಎರಡು ತುತ್ತು ತಿಂದರು.

"ಹುಳಿಗೆ ಉಪ್ಪು ಸ್ವಲ್ಪ ಮುಂದಾಗಿದೆ," ಎಂದರು.

"ಅಕ್ಕನ ಹತ್ರ ಹೇಳಿ ಕಳಿಸಿ," ಎಂದೆ.